ವಿಚ್‌ಕ್ರಾಫ್ಟ್ ಕಲಿಯಬೇಕು ಅನಿಸಿದರೆ ಯಾವ ದಾರಿ ಹಿಡಿಯಬೇಕು? ನಮ್ಮ ಉತ್ತರ ಕನ್ನಡದ ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ‘ಮಾಟ’ ಎನ್ನುವ ಮಾತನ್ನು ಯಾರೂ ಜೋರಾಗಿ ಆಡುವುದಿಲ್ಲ. ಆಕಳು ಹಾಲು ಕೊಡುವುದು ನಿಂತರೆ, ಅಡಿಕೆಗೆ ಕೊಳೆ ಬಂದು ಫಸಲು ಹೋದರೆ, ಕೂಡಿಬಂದ ಮದುವೆ ಎರಡು ಸಲ ಮುರಿದರೆ, ದನಿ ತಗ್ಗಿಸಿ ‘ಯಾರೋ ಮಾಡಿಸಿದ್ದಾರೆ’ ಅನ್ನುತ್ತಾರೆ. ಅಂಥ ಊರಲ್ಲಿ ಬೆಳೆದವಳು ‘ನಾನು ವಿಚ್‌ಕ್ರಾಫ್ಟ್ ಕಲೀತಾ ಇದ್ದೇನೆ’ ಎಂದರೆ ಮನೆಯವರ ಮುಖ ಹೇಗಾಗಬಹುದು, ನೀವೇ ಊಹಿಸಿ.

ನಾನು ಹುಟ್ಟಿದ್ದು ಶಿರಸಿ ಹತ್ತಿರದ ಒಂದು ತೋಟದ ಮನೆಯಲ್ಲಿ. ಈಗ ಇರುವುದು ಕಾರವಾರದಲ್ಲಿ. ಏಳು ವರ್ಷದಿಂದ ಈ ದಾರಿಯಲ್ಲಿ ನಡೆಯುತ್ತಿದ್ದೇನೆ. ಚಂದ್ರ, ಗಿಡ, ಕಡಲು, ದೀಪ ಇವುಗಳ ಜೊತೆ ಮನಸ್ಸಿಟ್ಟು ಮಾಡುವ ಆಚರಣೆಗಳ ದಾರಿ ಇದು, ಮಾಟವಲ್ಲ. ಪರಿಚಯದ ಹುಡುಗಿಯರು, ಕೆಲವು ಹುಡುಗರೂ, ಆಗಾಗ ಕೇಳುತ್ತಾರೆ: ‘ಅಕ್ಕಾ, ಎಲ್ಲಿಂದ ಶುರು ಮಾಡಲಿ? ವಿಕ್ಕಾ ಹಿಡೀಲಾ, ಗ್ರೀನ್ ವಿಚ್ ಆಗಲಾ, ಟ್ಯಾರೋ ಕಲೀಲಾ?’ (ಇವು ಏನೆಂದು ಮುಂದೆ ಹೇಳುತ್ತೇನೆ.) ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ನನ್ನ ಸಲಹೆ ಒಂದೇ. ಹೆಸರು ಕೊನೆಗೆ ಬರಲಿ. ಮೊದಲು ಒಂದು ವರ್ಷ ನೀವಿರುವ ಜಾಗವನ್ನು ನೋಡಿ. ಅಲ್ಲಿನ ಮಳೆ, ಹುಣ್ಣಿಮೆ, ಗಿಡ, ಕಡಲು ಇವುಗಳಲ್ಲಿ ಯಾವುದು ನಿಮ್ಮನ್ನು ಮತ್ತೆ ಮತ್ತೆ ಕರೆಯುತ್ತದೋ ನಿಮ್ಮ ದಾರಿ ಅಲ್ಲಿಂದ ಹೊರಡುತ್ತದೆ.

ಮೊದಲು ಈ ಮಾತಿನ ಗಂಟು ಬಿಡಿಸೋಣ

ಮಾಟ, ವಿಚ್‌ಕ್ರಾಫ್ಟ್, ಮನೆಮದ್ದು, ದೃಷ್ಟಿ ತೆಗೆಯುವುದು ಎಲ್ಲವನ್ನೂ ಜನ ಒಂದೇ ಚೀಲಕ್ಕೆ ತುಂಬುತ್ತಾರೆ. ಇವು ಬೇರೆ ಬೇರೆ.

ಇನ್ನೊಬ್ಬರಿಗೆ ಕೇಡು ಮಾಡಲು ಮಾಡಿಸುವುದು ಮಾಟ. ಈ ಬರಹಕ್ಕೂ ಅದಕ್ಕೂ ಸಂಬಂಧ ಇಲ್ಲ. ಎರಡನೆಯದು ನಮ್ಮ ಮನೆಗಳ ಪದ್ಧತಿ. ನನ್ನ ಅಜ್ಜಿ ಉಪ್ಪು, ಸಾಸಿವೆ, ಒಣಮೆಣಸು ನೀವಳಿಸಿ ಒಲೆಗೆ ಹಾಕುತ್ತಿದ್ದಳು. ಮೆಣಸಿನ ಘಾಟು ಬರದಿದ್ದರೆ ‘ಭಾರೀ ದೃಷ್ಟಿ’ ಅನ್ನುತ್ತಿದ್ದಳು. ಅವಳನ್ನು ಯಾರೂ ಮಾಟಗಾತಿ ಅನ್ನಲಿಲ್ಲ.

ಮೂರನೆಯದು ಈಗ ಫೋನಿನಲ್ಲಿ ಕಾಣುವ ವಿಚ್‌ಕ್ರಾಫ್ಟ್. ಅದರ ಬಹುಪಾಲು ಬಂದದ್ದು ಇಂಗ್ಲೆಂಡಿನಿಂದ. ಅಲ್ಲಿ 1735ರ ವಿಚ್‌ಕ್ರಾಫ್ಟ್ ಕಾಯ್ದೆ 1951ರಲ್ಲಿ ರದ್ದಾಯಿತು. ಮೂರು ವರ್ಷದ ಮೇಲೆ, 1954ರಲ್ಲಿ, ಜೆರಾಲ್ಡ್ ಗಾರ್ಡನರ್ ಎಂಬವರು ತಮ್ಮ ಪುಸ್ತಕದ ಮೂಲಕ ಈ ಪಂಥವನ್ನು ಜನರ ಮುಂದಿಟ್ಟರು. ಅದಕ್ಕೇ ಮುಂದೆ ವಿಕ್ಕಾ ಎಂಬ ಹೆಸರು ನಿಂತಿತು. ಗಾರ್ಡನರ್ ಸಿಲೋನ್, ಮಲಯಾಗಳಲ್ಲಿ ತೋಟದ ಕೆಲಸ, ಆಮೇಲೆ ಕಸ್ಟಮ್ಸ್ ಕೆಲಸ ಮಾಡಿ ನಿವೃತ್ತರಾದವರು. ವಿಕ್ಕಾದ ವಿಧಿಗಳಿಗೆ ಚೆಂದದ ಮಾತು ಕೊಟ್ಟವರು ಡೋರೀನ್ ವ್ಯಾಲಿಯೆಂಟೆ. ಅಂದರೆ ಈ ಪಂಥಕ್ಕೆ ನೂರು ವರ್ಷವೂ ತುಂಬಿಲ್ಲ. ಪ್ರಾಚೀನ ಕಾಲದಿಂದ ಗುಟ್ಟಾಗಿ ಉಳಿದು ಬಂದದ್ದು ಎಂಬ ಕಥೆಯನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಹೊಸದು ಎಂದ ಮಾತ್ರಕ್ಕೆ ನನಗೆ ಅದರ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಆದರೆ ‘5000 ವರ್ಷದ ರಹಸ್ಯ’ ಅಂತ ಯಾರಾದರೂ ಕೋರ್ಸ್ ಮಾರಲು ಬಂದರೆ ನಿಮಗೆ ಇದು ಗೊತ್ತಿರಲಿ.

ಕಾನೂನನ್ನೂ ತಿಳಿದುಕೊಂಡೇ ಮುಂದೆ ಹೋಗಿ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ 2017ರ ಕಾಯ್ದೆ ಇದೆ. ಜಾರಿಗೆ ಬಂದದ್ದು ಜನವರಿ 2020ರಲ್ಲಿ. ಭೂತ ಬಿಡಿಸುತ್ತೇನೆಂದು ಹೊಡೆಯುವುದು, ನಿಧಿಯ ಹೆಸರಲ್ಲಿ ಹಿಂಸೆ ಕೊಡುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗಲು ಬಿಡದೆ ಮಂತ್ರ ಹಾಕುವುದು ಇವೆಲ್ಲ ಅಪರಾಧ. ಶಿಕ್ಷೆ 1ರಿಂದ 7 ವರ್ಷ ಜೈಲು, 5,000ದಿಂದ 50,000 ರೂಪಾಯಿ ದಂಡ. ನಿಮ್ಮ ಕೋಣೆಯಲ್ಲಿ ದೀಪ ಹಚ್ಚಿ ಕೂತರೆ ಯಾರೂ ಕೇಳುವುದಿಲ್ಲ. ಆದರೆ ‘ನಿಮಗೆ ಮಾಡಿಸಿದ್ದು ಆ ಮನೆಯವರೇ’ ಎಂದು ಒಬ್ಬರತ್ತ ಬೆರಳು ತೋರಿಸಿದಿರೋ, ಅಲ್ಲಿಗೆ ಇದು ಆಚರಣೆಯಾಗಿ ಉಳಿಯುವುದಿಲ್ಲ. ನಮ್ಮ ದೇಶದ ಹಲವು ಕಡೆ ಇಂಥ ಒಂದು ಮಾತಿಗೇ ಒಂಟಿ ಹೆಂಗಸರು ಜೀವ ಕಳೆದುಕೊಂಡಿದ್ದಾರೆ. ಕರ್ನಾಟಕದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ದಿನಗಳು ನೆನಪಿವೆ ಅಲ್ವಾ? ರಾತ್ರಿ ಬಾಗಿಲು ಬಡಿಯುವ ಹೆಣ್ಣಿನ ಭಯ ಎಷ್ಟು ಬೇಗ ಮನೆಯಿಂದ ಮನೆಗೆ ಹಬ್ಬುತ್ತದೆ ಎಂದು ಅದರಿಂದ ತಿಳಿಯುತ್ತದೆ.

ಹೆಜ್ಜೆ 1: ಯಾಕೆ ಬಂದಿರಿ ಎಂದು ಬರೆಯಿರಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. 40 ರೂಪಾಯಿಯದು ಸಾಕು. ಮೊದಲ ಪುಟದಲ್ಲಿ ‘ನನಗೆ ಇದು ಯಾಕೆ ಬೇಕು?’ ಎಂದು ಬರೆದು, ಉತ್ತರವನ್ನು ಯಾರಿಗೂ ತೋರಿಸುವುದಿಲ್ಲ ಎನ್ನುವ ಧೈರ್ಯದಲ್ಲಿ ಬರೆಯಿರಿ.

ಬಿಟ್ಟು ಹೋದವರನ್ನು ವಾಪಸ್ ತರಬೇಕು, ಒಬ್ಬರ ಮನಸ್ಸು ತಿರುಗಿಸಬೇಕು, ಸೇಡು ತೀರಿಸಬೇಕು ಎಂದು ಬಂದರೆ ನೋಟ್‌ಬುಕ್ ಮುಚ್ಚಿಡಿ. ಆರು ತಿಂಗಳು ಬಿಟ್ಟು ತೆರೆಯಿರಿ. ಇನ್ನೊಬ್ಬರ ಇಷ್ಟವನ್ನು ಮುರಿಯುವ ಕೆಲಸವನ್ನು ನಾನು ಕಲಿಸುವುದಿಲ್ಲ, ಕಲಿತವರ ಜೊತೆಯೂ ಕೂರುವುದಿಲ್ಲ. ನಿದ್ದೆ ಇಲ್ಲ, ಬದುಕೇ ಬೇಡ ಅನಿಸುತ್ತಿದೆ ಎಂದು ಬಂದರೆ ಮೊದಲು ವೈದ್ಯರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಕನ್ನಡದಲ್ಲೂ ಮಾತಾಡುತ್ತಾರೆ. ದೀಪ, ಧೂಪ ಎಲ್ಲ ಆಮೇಲೆ.

ನನ್ನ ಮೊದಲ ಪುಟದಲ್ಲಿ ಇದ್ದದ್ದು ಒಂದೇ ಸಾಲು. ‘ಅಜ್ಜಿ ಹೋದಳು, ಅವಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿಲ್ಲ.’ ಯಾವ ದಾರಿ ಎಂದು ಆ ಸಾಲೇ ಹೇಳಿತ್ತು. ಅದು ನನಗೆ ಅರ್ಥವಾಗಲು ಮೂರು ವರ್ಷ ಬೇಕಾಯಿತು.

ಹೆಜ್ಜೆ 2: ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸುಮ್ನೆ ನೋಡಿ

ಇದು ಸುಮಾರು 29 ದಿನದ ಕೆಲಸ. ಈ ಒಂದು ತಿಂಗಳು ಏನನ್ನೂ ಕೊಳ್ಳಬೇಡಿ. ಕಲ್ಲು ಬೇಡ, ಕಾರ್ಡ್ ಬೇಡ, ಮೇಣದಬತ್ತಿ ಬೇಡ.

ದಿನಾ ಐದು ನಿಮಿಷ ಹೊರಗೆ ನಿಂತು ನಾಲ್ಕೈದು ಸಾಲು ಬರೆಯಿರಿ. ಚಂದ್ರ ಎಲ್ಲಿದ್ದಾನೆ, ಗಾಳಿ ಯಾವ ಕಡೆಯಿಂದ, ಯಾವ ಹೂವು ಬಂತು, ರಾತ್ರಿ ಏನು ಕನಸು, ಇವತ್ತು ಮನಸ್ಸು ಹೇಗಿದೆ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ ಎಂಬುದನ್ನು ನಾನು ಓದಿ ಕಲಿತಿರಲಿಲ್ಲ. ಕಾರವಾರದ ಮನೆಯ ಟೆರೇಸಿನಲ್ಲಿ ಕಾಯುತ್ತಾ ಕಲಿತೆ.

ಕಡಲ ಹತ್ತಿರದವರು ನೀರನ್ನೂ ನೋಡಿ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಉಬ್ಬರ ಹೆಚ್ಚು ಮೇಲೆ ಬರುತ್ತದೆ, ಇಳಿತ ಹೆಚ್ಚು ದೂರ ಹೋಗುತ್ತದೆ. ಅಷ್ಟಮಿಯ ಸುಮಾರಿಗೆ ಎರಡೂ ಸಪ್ಪೆ. ಅಘನಾಶಿನಿ ಅಳಿವೆಯಲ್ಲಿ ಚಿಪ್ಪಿಕಲ್ಲು ಆರಿಸುವ ಹೆಂಗಸರಿಗೆ ಇದು ದಿನನಿತ್ಯದ ಲೆಕ್ಕ. ಚಂದ್ರನ ಜೊತೆ ಬದುಕುವುದು ಎಂದರೆ ಏನು ಎಂದು ಅವರನ್ನು ನೋಡಿದರೆ ಗೊತ್ತಾಗುತ್ತದೆ.

ಮಲೆನಾಡಿನವರಿಗೆ ಬೇರೆ ಪಾಠ ಇದೆ. ಮೊದಲ ಮಳೆಗೆ ಮಣ್ಣಿನ ವಾಸನೆ, ಉಂಬಳ ಏಳುವ ದಿನ, ಜೀರುಂಡೆ ನಿಲ್ಲುವ ಹೊತ್ತು ಎಲ್ಲ ಬರೆದಿಡಿ. ಮುಂದೆ ಇದೇ ನಿಮ್ಮ ಪಂಚಾಂಗ ಆಗುತ್ತದೆ.

ಹೆಜ್ಜೆ 3: ದಾರಿಗಳ ಪರಿಚಯ ಮಾಡಿಕೊಳ್ಳಿ

*ಅಡುಗೆಮನೆಯ ದಾರಿ.* ಹೊರಗಿನವರು ಕಿಚನ್ ವಿಚ್ ಅನ್ನುತ್ತಾರೆ. ಮನೆಯವರ ಜೊತೆ ಇರುವವರಿಗೆ, ಸ್ವಂತ ಕೋಣೆ ಇಲ್ಲದವರಿಗೆ ನಾನು ಮೊದಲು ಹೇಳುವುದೇ ಇದನ್ನು. ದಿನಾ ಮಾಡುವ ಕೆಲಸವನ್ನೇ ಮನಸ್ಸಿಟ್ಟು ಮಾಡುತ್ತೀರಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಕಷಾಯದ ಪುಡಿ ಮಾಡುವಾಗ ಅದನ್ನು ಕುಡಿಯುವವರ ಹೆಸರು ಒಂದೊಂದಾಗಿ ನೆನೆಯಿರಿ. ಒಂದೆಲಗದ ತಂಬುಳಿ ಕಡೆಯುವಾಗ ಎಡಕ್ಕೆ, ಬಲಕ್ಕೆ ಎಂದು ತಲೆ ಕೆಡಿಸಿಕೊಳ್ಳಬೇಡಿ, ಆ ಸೊಪ್ಪು ಎಲ್ಲಿಂದ ಬಂತು ಎಂದು ನೆನಪಿಟ್ಟುಕೊಳ್ಳಿ. ಉಪ್ಪು ಬೇಕೇ? ದೂರದ ದೇಶದ ಕಪ್ಪು ಉಪ್ಪು ತರಿಸಬೇಕಾಗಿಲ್ಲ. ಗೋಕರ್ಣದ ಪಕ್ಕದ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲಿಗೆ ಒಣಗಿದ ಕಲ್ಲುಪ್ಪು ಇದೆ. ಮನೆಯ ಹೊಸ್ತಿಲಿಗೆ ನಾನು ಇಡುವುದು ಅದನ್ನೇ.

*ಗಿಡಗಳ ದಾರಿ.* ನನ್ನದು ಇದೇ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

‘ಸಂಜೆ ಮೇಲೆ ತುಳಸಿ ಮುಟ್ಲಾಗ ಕೂಸೇ’ ಎಂದು ಅಜ್ಜಿ ಹೇಳುತ್ತಿದ್ದಳು. ಸೊಪ್ಪು ಕೊಯ್ಯುವ ಮೊದಲು ಗಿಡದ ಬುಡ ಮುಟ್ಟಿ ಕೈ ಮುಗಿಯುತ್ತಿದ್ದಳು. ಒಂದೇ ಗಿಡದಿಂದ ಪೂರಾ ಕೊಯ್ಯುತ್ತಿರಲಿಲ್ಲ. ದೂರದ ದೇಶದವರು ಗ್ರೀನ್ ವಿಚ್ ಎಂದು ಪುಸ್ತಕ ಬರೆದು ಕಲಿಸುವ ನಿಯಮಗಳೂ ಹೆಚ್ಚುಕಡಿಮೆ ಇವೇ.

ಶುರುವಿಗೆ ಐದು ಗಿಡ ಸಾಕು: ತುಳಸಿ, ಲಕ್ಕಿ, ದೊಡ್ಡಪತ್ರೆ, ಒಂದೆಲಗ, ಅರಿಶಿನ. ಒಂದು ವರ್ಷ ಈ ಐದರ ಜೊತೆ ಇರಿ. ನೆಡಿ, ನೋಡಿ, ಚಿತ್ರ ಬಿಡಿಸಿ, ಬೀಜ ಯಾವಾಗ ಆಗುತ್ತದೆ ಬರೆಯಿರಿ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರನ್ನು ನೆನೆಯುತ್ತೇನೆ. ಅವರಿಗೂ ವಿಚ್‌ಕ್ರಾಫ್ಟಿಗೂ ಏನೂ ಸಂಬಂಧ ಇಲ್ಲ. ಶಾಲೆಗೆ ಹೋಗದ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ಕೆಲಸ ಮಾಡಿ, ಯಾವ ತಾಯಿಮರದಿಂದ ಯಾವಾಗ ಬೀಜ ತರಬೇಕು ಎಂಬುದನ್ನು ಕಣ್ಣಲ್ಲೇ ಅಳೆಯುತ್ತಿದ್ದರು. 2020ರ ಪದ್ಮಶ್ರೀ ಪಟ್ಟಿಯಲ್ಲಿ ಅವರ ಹೆಸರು ಬಂತು. ಡಿಸೆಂಬರ್ 2024ರಲ್ಲಿ ತೀರಿಕೊಂಡರು. ಗಿಡದ ದಾರಿ ಹಿಡಿಯುವವರಿಗೆ ಬೇಕಾದದ್ದು ಆ ಕಣ್ಣು.

ವಿಷದ ಗಿಡಗಳನ್ನು ಮೊದಲೇ ಗುರುತಿಸಲು ಕಲಿಯಿರಿ. ದತ್ತೂರಿ, ಕಣಗಿಲೆ, ಗುಲಗಂಜಿ, ಕಾಸರಕ, ಮಳೆಗಾಲದಲ್ಲಿ ಬೇಲಿ ಮೇಲೆ ಬೆಂಕಿಯ ಹಾಗೆ ಅರಳುವ ಗೌರಿ ಹೂವು, ಎಲ್ಲವೂ ನಮ್ಮ ಹಿತ್ತಲಲ್ಲೇ ಇವೆ, ಎಲ್ಲವೂ ಜೀವ ತೆಗೆಯಬಲ್ಲವು. ಕಾಸರಕದ ಬೀಜದಲ್ಲಿ ಸ್ಟ್ರಿಕ್ನಿನ್ ಇದೆ. ಕಣಗಿಲೆ ನೇರ ಹೃದಯಕ್ಕೆ ಹೊಡೆಯುತ್ತದೆ. ದತ್ತೂರಿ, ಕಣಗಿಲೆಯ ಕಡ್ಡಿ ಧೂಪಕ್ಕೂ ಬೇಡ, ಹೊಗೆಯೂ ವಿಷವೇ. ಫೋನಿನಲ್ಲಿ ಫೋಟೊ ತೆಗೆದು ಗಿಡ ಗುರುತಿಸಿ ಅದನ್ನು ತಿನ್ನುವ ಕೆಲಸ ಯಾವತ್ತೂ ಮಾಡಬೇಡಿ.

ಸಿದ್ದಾಪುರ, ಶಿರಸಿ ಕಡೆಯ ಕಾಡಿಗೆ ಹೋಗುವವರಿಗೆ ಇನ್ನೊಂದು ಮಾತು. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಉಣುಗು ಕಚ್ಚಿ ಬರುವ ರೋಗ ಅದು. ಆಗ ಕಾಡಿನ ಎಲೆರಾಶಿಯಲ್ಲಿ ಕೂತು ಧ್ಯಾನ ಮಾಡುವುದು ಬೇಡ. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ, ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಕುದಿನೀರಿಗೆ ಹಾಕಿ. ಮಂಗ ಸತ್ತ ಜಾಗದ ಹತ್ತಿರ ಸುಳಿಯಬೇಡಿ.

ದೇವರಕಾನಿನಿಂದ ಏನನ್ನೂ ತರಬೇಡಿ. ಒಣ ಎಲೆಯನ್ನೂ ಸಹ. ಕತ್ತಲೆಕಾನಿನಂಥ ಕಾಡು ಇವತ್ತಿಗೂ ಉಳಿದಿದೆ ಎಂದರೆ, ನಮಗಿಂತ ಮುಂಚಿನವರು ಕೈ ಕಟ್ಟಿ ನಿಂತದ್ದಕ್ಕೆ.

*ಕಡಲಿನ ದಾರಿ.* ಕಾರವಾರ, ಕುಮಟಾ, ಹೊನ್ನಾವರದವರಿಗೆ ಇದು ಬಾಗಿಲಲ್ಲೇ ಇದೆ. ಉಬ್ಬರದ ಹೊತ್ತಿಗೆ ಬೇಕಾದದ್ದನ್ನು ಕೇಳುವುದು, ಇಳಿತದ ಹೊತ್ತಿಗೆ ಬೇಡವಾದದ್ದನ್ನು ಬಿಡುವುದು, ಇದು ಈ ದಾರಿಯ ತಿರುಳು. ಒದ್ದೆ ಮರಳಿನ ಮೇಲೆ ಬೆರಳಲ್ಲಿ ಒಂದು ಶಬ್ದ ಬರೆದು, ನೀರು ಬಂದು ಅಳಿಸುವ ತನಕ ನಿಂತುಕೊಳ್ಳಿ. ನನ್ನ ಗೆಳತಿ ತಾಯಿ ತೀರಿಕೊಂಡ ವರ್ಷ ಟ್ಯಾಗೋರ್ ಕಡಲತೀರದಲ್ಲಿ ಇದೊಂದನ್ನೇ ವಾರ ವಾರ ಮಾಡಿದಳು. ಬೇರೇನೂ ಮಾಡಲಿಲ್ಲ.

ನೀರಿಗೆ ಪ್ಲಾಸ್ಟಿಕ್, ಗಾಜು, ಬಣ್ಣದ ಮೇಣ ಹಾಕಬೇಡಿ. ಜೀವ ಇರುವ ಚಿಪ್ಪು ಎತ್ತಬೇಡಿ. ಹವಳ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಿತ, ಮುಟ್ಟಲೇಬೇಡಿ. ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳೇ ದಡದಲ್ಲಿ ನಿಂತಿರುತ್ತವೆ. ಆಗ ನೀವೂ ದೂರ ನಿಂತೇ ಕಡಲಿಗೆ ನಮಸ್ಕಾರ ಮಾಡಿ.

*ವಿಕ್ಕಾ.* ಇದು ವಿಧಿ, ಗುಂಪು, ದೀಕ್ಷೆ ಇರುವ ಪಂಥ. ದೇವ-ದೇವಿಯ ಜೋಡಿ, ವರ್ಷಕ್ಕೆ ಎಂಟು ಹಬ್ಬ, ಹುಣ್ಣಿಮೆಯ ಕೂಟ ಇರುತ್ತದೆ. ‘ಯಾರಿಗೂ ಕೇಡಾಗದಿದ್ದರೆ ನಿನ್ನ ಇಚ್ಛೆಯಂತೆ ಮಾಡು’ ಎನ್ನುವುದು ಅದರ ನಡತೆಯ ಸೂತ್ರ. ಗಾರ್ಡನರ್ ಪರಂಪರೆಯಲ್ಲಿ ಮೂರು ಹಂತದ ದೀಕ್ಷೆ ಇದೆ, ಅದಾಗಲೇ ಪಡೆದವರಿಂದ ಮಾತ್ರ ಸಿಗುತ್ತದೆ. ಆನ್‌ಲೈನ್ ಸರ್ಟಿಫಿಕೇಟಿಗೆ ಅಲ್ಲಿ ಬೆಲೆ ಇಲ್ಲ. ಒಬ್ಬರೇ ಮಾಡುವ ವಿಕ್ಕಾ ಕೂಡ ಇದೆ. 1980ರ ದಶಕದಿಂದ ಅದು ಜಾಸ್ತಿ ಆಯಿತು. ನಮ್ಮ ದೇಶದಲ್ಲಿ ವಿಕ್ಕಾ ಎಂದು ಬಹಿರಂಗವಾಗಿ ಹೇಳಿಕೊಂಡು ಹೆಸರಾದವರು ಕೋಲ್ಕತ್ತಾದ ಇಪ್ಸಿತಾ ರಾಯ್ ಚಕ್ರವರ್ತಿ. ಕ್ರಮ, ಶಿಸ್ತು, ಕಟ್ಟುಪಾಡು ಇಷ್ಟಪಡುವವರಿಗೆ ಈ ದಾರಿ ಒಗ್ಗುತ್ತದೆ.

*ಶಕುನದ ದಾರಿ.* ಟ್ಯಾರೋದಲ್ಲಿ 78 ಕಾರ್ಡ್. ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಆಟಕ್ಕಾಗಿ. ಇವತ್ತು ಎಲ್ಲರೂ ನೋಡುವ ಚಿತ್ರಗಳನ್ನು 1909ರಲ್ಲಿ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಮನಸ್ಸನ್ನು ನೋಡಿಕೊಳ್ಳಲು ಕಾರ್ಡ್ ಒಳ್ಳೆಯ ಕನ್ನಡಿ. ಹೂವಿನ ಪ್ರಸಾದ ಕೇಳಿ ಬೆಳೆದ ನಮಗೆ ಇದು ಹೊಸದೇನಲ್ಲ. ದಿನಾ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವ ಅಭ್ಯಾಸ ಬಂದರೆ ಮಾತ್ರ ಕಾರ್ಡ್ ಎತ್ತಿಡಿ.

ದೊಡ್ಡ ವಿಧಿಗಳ ಸೆರಿಮೋನಿಯಲ್ ಮ್ಯಾಜಿಕ್, ಒಂದೇ ಪಂಥಕ್ಕೆ ಅಂಟದೆ ಬೇಕಾದದ್ದನ್ನು ಬೆರೆಸುವ ಕೇಯಾಸ್ ಮ್ಯಾಜಿಕ್ ಇವೂ ಇವೆ. ಮೊದಲ ವರ್ಷಕ್ಕೆ ಬೇಡ ಎನ್ನುವುದು ನನ್ನ ಅಭಿಪ್ರಾಯ.

*ನಿಮ್ಮದಲ್ಲದ ದಾರಿಗಳು.* ಹಾಲಕ್ಕಿಗಳ ಮನೆದೇವರು, ಸಿದ್ದಿಗಳ ಹಿರಿಯರ ಪೂಜೆ, ಒಂದೊಂದು ಊರಿನ ಚೌಡಿ, ಜಟಗ ಇವೆಲ್ಲ ಆಯಾ ಜನರ ಜೊತೆ ಇರುವವು. ಕರೆದರೆ ಹೋಗಿ, ಪ್ರಸಾದ ತಿನ್ನಿ, ಬನ್ನಿ. ವಿಡಿಯೊ ನೋಡಿ ಮನೆಯಲ್ಲಿ ನಕಲು ಮಾಡುವುದು ಸರಿಯಲ್ಲ. ತಂತ್ರವೂ ಹಾಗೇ. ಗುರು, ದೀಕ್ಷೆ ಇಲ್ಲದೆ ಬಿಡಿಬಿಡಿಯಾಗಿ ಎತ್ತಿಕೊಳ್ಳುವ ವಸ್ತು ಅದಲ್ಲ.

ಹೆಜ್ಜೆ 4: ಎರಡು ದಾರಿ ಆರಿಸಿ, ಮೂರು ಮೂರು ತಿಂಗಳು ನಡೆದು ನೋಡಿ

ಮೇಲಿನ ಪಟ್ಟಿ ಓದುವಾಗ ಯಾವ ಎರಡರ ಹತ್ತಿರ ಮನಸ್ಸು ನಿಂತಿತೋ ಅವನ್ನೇ ತೆಗೆದುಕೊಳ್ಳಿ. ಒಂದನ್ನು ಮೂರು ತಿಂಗಳು ಮಾಡಿ. ವಾರಕ್ಕೆ ಎರಡು ದಿನ, ಅರ್ಧ ಗಂಟೆ. ಆಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ.

ಪ್ರತಿ ಸಲ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಇಷ್ಟು ಬರೆಯಿರಿ: ಮಾಡುವಾಗ ಮನಸ್ಸು ಎಲ್ಲಿತ್ತು, ಮಾಡಿದ ಮೇಲೆ ಹೇಗಾಯಿತು, ಮುಂದಿನ ಸಲಕ್ಕೆ ಕಾಯುವಂತಾಯಿತೇ, ಭಯ ಜಾಸ್ತಿ ಆಯಿತೇ ಕಡಿಮೆ ಆಯಿತೇ. ಕೊನೆಯ ಪ್ರಶ್ನೆ ಬಹಳ ಮುಖ್ಯ. ಒಂದು ದಾರಿಯಲ್ಲಿ ಮೂರು ತಿಂಗಳು ನಡೆದ ಮೇಲೂ ಭಯವೇ ಜಾಸ್ತಿ ಆಗುತ್ತಿದ್ದರೆ ಆ ದಾರಿ ನಿಮಗೆ ಆಗಿಬರುವುದಿಲ್ಲ. ಬಿಟ್ಟರೆ ಏನಾದರೂ ಆಗುತ್ತದೆ ಎಂದು ಹೆದರಬೇಡಿ, ಬಿಡಿ.

ನಾನು ಮೊದಲು ಹಿಡಿದದ್ದು ಟ್ಯಾರೋ. ಚೆನ್ನಾಗಿಯೇ ಬರುತ್ತಿತ್ತು. ಆದರೆ ಮೂರು ತಿಂಗಳ ಟಿಪ್ಪಣಿ ತಿರುಗಿಸಿ ಓದಿದರೆ ಪುಟ ತುಂಬ ಗಿಡಗಳೇ. ಕಾರ್ಡಿನ ಬಗ್ಗೆ ಎರಡು ಸಾಲು, ಕಿಟಕಿಯ ಹೊರಗಿನ ಲಕ್ಕಿ ಗಿಡದ ಬಗ್ಗೆ ಎಂಟು ಸಾಲು.

ಹೆಜ್ಜೆ 5: ಮೊದಲ ಹುಣ್ಣಿಮೆಯ ಆಚರಣೆ

ಯಾವ ದಾರಿ ಹಿಡಿದರೂ ಇದು ಹೊಂದುತ್ತದೆ. ಬೇಕಾದದ್ದು ಒಂದು ಹಣತೆ, ಒಂದು ಲೋಟ ನೀರು, ಒಂದು ಚಿಟಿಕೆ ಕಲ್ಲುಪ್ಪು, ನೀವೇ ಬೆಳೆಸಿದ ಒಂದು ಎಲೆ.

ಸಂಜೆ ಸ್ನಾನ ಮಾಡಿ, ಕೂರುವ ಜಾಗ ಗುಡಿಸಿ. ಫೋನ್ ಬೇರೆ ಕೋಣೆಯಲ್ಲಿಡಿ. ಕಿಟಕಿ ಸ್ವಲ್ಪ ತೆರೆದಿರಲಿ. ಹಣತೆಯನ್ನು ತಟ್ಟೆಯ ಮೇಲಿಟ್ಟು ಹಚ್ಚಿ. ಪರದೆ, ಹಾಸಿಗೆ, ಕೂದಲು ದೂರ ಇರಲಿ. ಮೊದಲ ವರ್ಷ ಮಂಚದ ಮೇಲೆ ಧೂಪ ಇಟ್ಟು ಹಾಸಿಗೆಗೆ ತೂತು ಮಾಡಿಕೊಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನೀರಿಗೆ ಉಪ್ಪು ಹಾಕಿ ಬೆರಳಲ್ಲಿ ತಿರುಗಿಸಿ. ಕೈಗೆ, ಹಣೆಗೆ ಸ್ವಲ್ಪ ಹಚ್ಚಿ. ಎಲೆಯನ್ನು ಅಂಗೈಯಲ್ಲಿಟ್ಟು ಈ ತಿಂಗಳು ನಿಮಗೆ ಸಿಕ್ಕ ಮೂರು ಒಳ್ಳೆಯದನ್ನು ಬಾಯಿಬಿಟ್ಟು ಹೇಳಿ. ನಿಮ್ಮ ಮನೆಮಾತಿನಲ್ಲಿ ಹೇಳಿ. ಕನ್ನಡ, ಕೊಂಕಣಿ, ಹವ್ಯಕ, ಯಾವುದಾದರೂ ಸರಿ. ಅಮ್ಮನನ್ನು ಕರೆಯುವ ಭಾಷೆಯಲ್ಲಿ ಆಡಿದ ಮಾತು ಬೇರೆಯೇ ರೀತಿ ಹೊರಡುತ್ತದೆ. ಆಮೇಲೆ ಮುಂದಿನ ತಿಂಗಳು ನೀವು ಮಾಡಲಿರುವ ಒಂದೇ ಕೆಲಸವನ್ನು ಹೇಳಿ. ‘ನನಗೆ ಹಣ ಬರಲಿ’ ಬೇಡ. ‘ಈ ತಿಂಗಳು ದಿನಾ ಖರ್ಚು ಬರೆದಿಡುತ್ತೇನೆ’ ಅನ್ನಿ.

ಹತ್ತು ನಿಮಿಷ ಸುಮ್ಮನೆ ಕೂತಿರಿ. ದೀಪ ಶಾಂತ ಮಾಡಿ. ಎಲೆಯನ್ನು ಆ ಗಿಡದ ಬುಡಕ್ಕೇ ಹಾಕಿ. ಉಪ್ಪುನೀರನ್ನು ಮಾತ್ರ ಗಿಡಕ್ಕೆ ಹಾಕಬೇಡಿ, ಬೇರು ಸುಡುತ್ತದೆ, ಬಚ್ಚಲಿಗೆ ಚೆಲ್ಲಿ. ಆಷಾಢದಲ್ಲಿ ಚಂದ್ರನೇ ಕಾಣುವುದಿಲ್ಲ ಎಂದು ಬೇಜಾರು ಬೇಡ. ಮೋಡದ ಹಿಂದೆ ಅವನು ಇದ್ದೇ ಇದ್ದಾನೆ, ಮಳೆಯ ಸದ್ದಿಗೆ ಕೂತುಕೊಳ್ಳಿ.

ಹೆಜ್ಜೆ 6: ಹಬ್ಬದ ಚಕ್ರವನ್ನು ನಮ್ಮ ಮಣ್ಣಿಗೆ ತನ್ನಿ

ವಿಕ್ಕಾದ ಎಂಟು ಹಬ್ಬಗಳು ಇಂಗ್ಲೆಂಡಿನ ಹವಾಮಾನಕ್ಕೆ ಹುಟ್ಟಿದವು. ಡಿಸೆಂಬರ್ 21ರ ಯೂಲ್ ಹಬ್ಬದಂದು ಲಂಡನ್ನಿನಲ್ಲಿ ಹಗಲು 8 ಗಂಟೆಯೂ ಇರುವುದಿಲ್ಲ. ಸೂರ್ಯ ವಾಪಸ್ ಬರಲಿ ಎಂದು ಅಲ್ಲಿನವರು ಕಾತರಿಸುವುದು ಸಹಜ. ಶಿರಸಿಯಲ್ಲಿ ಅದೇ ದಿನ 11 ಗಂಟೆಗೂ ಜಾಸ್ತಿ ಹಗಲು, ಅಡಿಕೆ ಕೊಯ್ಲಿನ ಗಡಿಬಿಡಿ. ಆಗಸ್ಟ್ 1 ಅಲ್ಲಿ ಮೊದಲ ಕೊಯ್ಲಿನ ಹಬ್ಬ. ನಮ್ಮಲ್ಲಿ ಆಗ ಜಡಿಮಳೆ, ಗದ್ದೆಯಲ್ಲಿ ನೆಟ್ಟಿ ಮುಗಿದಿರುತ್ತದೆಯಷ್ಟೇ.

ನಮ್ಮ ಚಕ್ರ ನಮ್ಮಲ್ಲೇ ಇದೆ. ಶ್ರಾವಣದ ನೂಲ ಹುಣ್ಣಿಮೆಗೆ ಮೀನುಗಾರರು ಕಡಲಿಗೆ ತೆಂಗಿನಕಾಯಿ ಕೊಡುತ್ತಾರೆ. ಶೀಗಿ ಹುಣ್ಣಿಮೆಗೆ ಸಿದ್ದಾಪುರ, ಶಿರಸಿ ಕಡೆ ಹೊಡೆಯೊಡೆದ ಭತ್ತದ ಗದ್ದೆಗೆ ಬಸುರಿಯ ಬಯಕೆ ತೀರಿಸಿದ ಹಾಗೆ ಅಡುಗೆ ಮಾಡಿ ಬಡಿಸುತ್ತಾರೆ. ದೀವರ ಮನೆಗಳಲ್ಲಿ ಆ ಅಡುಗೆ ಒಯ್ಯುವ ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ. ಭೂಮಿಯನ್ನು ತಾಯಿ ಎಂದು ಕಾಣುವ ಹಬ್ಬ ಹುಡುಕಿ ದೂರದ ದೇಶಕ್ಕೆ ಹೋದ ನನಗೆ, ಅದು ಅಪ್ಪನ ಗದ್ದೆಯ ಬದುವಿನಲ್ಲೇ ಇತ್ತು ಎಂದು ಗೊತ್ತಾದ ದಿನ ಅಳು ಬಂತು. ಆಮೇಲೆ ದೊಡ್ಡಹಬ್ಬ, ತುಳಸಿ ಮದುವೆ, ಪುಷ್ಯದ ಹುಣ್ಣಿಮೆಗೆ ಕಾರವಾರದಿಂದ ದೋಣಿಯಲ್ಲಿ ಹೋಗುವ ಕೂರ್ಮಗಡದ ಜಾತ್ರೆ, ಫಾಲ್ಗುಣದ ಸುಗ್ಗಿ. ವಿಕ್ಕಾ ಹಿಡಿದವರು ಎಂಟು ಹಬ್ಬವನ್ನೂ ಇಟ್ಟುಕೊಳ್ಳಲಿ, ತಪ್ಪಿಲ್ಲ. ಪಕ್ಕದಲ್ಲಿ ನಮ್ಮದನ್ನೂ ಬರೆದುಕೊಳ್ಳಿ.

ಬಲಿ ಬೇಕೇ ಎಂದು ಕೆಲವರು ಕೇಳುತ್ತಾರೆ. ಬೇಡ. ಶಿರಸಿಯ ಮಾರಿಕಾಂಬೆಗೆ ಕೋಣನ ಬಲಿ ನಿಂತು ದಶಕಗಳೇ ಆದವು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಗೆ ಜನ ಕಡಿಮೆಯಾಗಿಲ್ಲ.

ಹೆಜ್ಜೆ 7: ಸಾಮಾನು ಮತ್ತು ಮೋಸ

ದುಬಾರಿ ಕೊಟ್ಟು ತರಿಸುವ ಕ್ಲಿಯರ್ ಕ್ವಾರ್ಟ್ಜ್ ಎಂದರೆ ನಮ್ಮ ಬೆಣಚುಕಲ್ಲಿನ ಜಾತಿಯೇ. ಅದರ ಹೆಸರಲ್ಲಿ ಗಾಜನ್ನೂ ಮಾರುತ್ತಾರೆ. ವೈಟ್ ಸೇಜ್ ಅಮೆರಿಕದ ಮೂಲನಿವಾಸಿಗಳ ಪವಿತ್ರ ಗಿಡ, ಅಲ್ಲೇ ಕಡಿಮೆಯಾಗುತ್ತಿದೆ. ಅಂಗಡಿಯಲ್ಲಿ ಸಿಗುವ ಸಾಂಬ್ರಾಣಿ ಸಾಕು.

‘ಹತ್ತಾ ಜೋಡಿ’ ಎಂಬ ಬೇರನ್ನು ಯಾರಾದರೂ ಮಾರಲು ಬಂದರೆ ದೂರ ಇರಿ. ಅದು ಬೇರೇ ಅಲ್ಲ, ಉಡವನ್ನು ಕೊಂದು ಅದರ ಜನನಾಂಗ ಒಣಗಿಸಿದ್ದು. ಮಣ್ಣುಮುಕ್ಕ ಹಾವು, ಕಾಡುಪಾಪ, ಗೂಬೆ, ನಕ್ಷತ್ರ ಆಮೆ, ಹುಲಿಯುಗುರು ಇವುಗಳ ಹೆಸರು ಕೇಳಿದ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಿ. ಇಟ್ಟುಕೊಂಡವರಿಗೂ ಜೈಲೇ.

ಎರಡನೇ ವರ್ಷದಲ್ಲಿ ನಾನು ಮೋಸ ಹೋದೆ. ಇನ್‌ಸ್ಟಾಗ್ರಾಮಿನಲ್ಲಿ ಒಬ್ಬರು ನನ್ನ ಫೋಟೊ ನೋಡಿ ‘ನಿನ್ನ ಮೇಲೆ ಯಾರೋ ಮಾಡಿಸಿದ್ದಾರೆ, 21 ದಿನದಲ್ಲಿ ತೆಗೆಯದಿದ್ದರೆ ಮನೆಯಲ್ಲಿ ಸಾವು’ ಎಂದರು. 7,500 ರೂಪಾಯಿ ಕಳಿಸಿದೆ. ಮರುವಾರ ಮತ್ತೆ 12,000 ಕೇಳಿದರು. ಅಪ್ಪನಿಗೆ ಆಗ ಜ್ವರ. ರಾತ್ರಿಯಿಡೀ ಕೂತು ಅತ್ತೆ. ಬೆಳಿಗ್ಗೆ ಆಯಿಗೆ, ಅಂದರೆ ಅಮ್ಮನಿಗೆ, ಎಲ್ಲ ಹೇಳಿದೆ. ‘ನಮ್ಮೂರಲ್ಲಿ ಕೇಳ್ತಿದ್ದ ಮಾತನ್ನೇ ಅಲ್ಲಿ ದುಡ್ಡು ಕೊಟ್ಟು ಕೇಳಿದೆಯಲ್ಲ’ ಅಂದಳು. ಅಪ್ಪನ ಜ್ವರ ಮೂರು ದಿನಕ್ಕೆ ಇಳಿಯಿತು.

ಹಾಗಾಗಿ ಹೇಳುತ್ತೇನೆ. ಹೆದರಿಸಿದರೆ, ಗಡುವು ಕೊಟ್ಟರೆ, ಯಾರಿಗೂ ಹೇಳಬೇಡ ಎಂದರೆ, ಮೈ ಮುಟ್ಟುವ ಅಥವಾ ಬಟ್ಟೆ ಇಲ್ಲದ ವಿಧಿ ಎಂದರೆ, ಔಷಧಿ ನಿಲ್ಲಿಸು ಎಂದರೆ, ಅಲ್ಲಿಂದಲೇ ಎದ್ದು ಬನ್ನಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ಮಾಡಲಿಲ್ಲ, ನಾಚಿಕೆಯಾಗಿತ್ತು.

ಮನೆಯವರಿಗೆ ಹೇಳಬೇಕೇ?

18 ತುಂಬದವರು ಹೇಳದೆ ಶುರು ಮಾಡಬೇಡಿ. ಉಳಿದವರು ‘ವಿಚ್’ ಎಂಬ ಶಬ್ದದಿಂದ ಶುರು ಮಾಡಬೇಡಿ, ಅದು ಅವರ ಕಿವಿಗೆ ಬೇರೆ ಅರ್ಥದಲ್ಲೇ ಬೀಳುತ್ತದೆ. ಗಿಡ ನೆಡುತ್ತೇನೆ, ಹುಣ್ಣಿಮೆಗೆ ದೀಪ ಹಚ್ಚುತ್ತೇನೆ, ಡೈರಿ ಬರೆಯುತ್ತೇನೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅವರಿಗೆ ಗೊತ್ತಿದ್ದದ್ದನ್ನು ಕೇಳಿ. ನಮ್ಮ ಆಯಿ ಮೊದಲು ತಿಂಗಳುಗಟ್ಟಲೆ ಮಾತೇ ಬಿಟ್ಟಿದ್ದಳು. ಅಜ್ಜಿ ಲಕ್ಕಿ ಸೊಪ್ಪನ್ನು ಏನಕ್ಕೆ ಬಳಸುತ್ತಿದ್ದಳು ಎಂದು ಕೇಳಿದ ದಿನ ಎರಡು ತಾಸು ಹೇಳಿದಳು.

ಹೆಜ್ಜೆ 8: ವರ್ಷ ತುಂಬಿದ ಮೇಲೆ

ವಿಕ್ಕಾದಲ್ಲಿ ದೀಕ್ಷೆಗೆ ಮುಂಚೆ ‘ಒಂದು ವರ್ಷ ಮತ್ತು ಒಂದು ದಿನ’ ಕಲಿಯುವ ರೂಢಿ ಇದೆ. ಬೇರೆ ದಾರಿಯವರಿಗೂ ಇದು ಒಳ್ಳೆಯ ಅಳತೆ. ಆ ದಿನ ನೋಟ್‌ಬುಕ್ ಪೂರ್ತಿ ಓದಿ. ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗಿ: ಯಾವುದು ಮೂರು ಸಲಕ್ಕಿಂತ ಜಾಸ್ತಿ ಬಂದಿದೆ, ಯಾವುದನ್ನು ಯಾರೂ ಹೇಳದೆ ಮಾಡಿದ್ದೀರಿ, ಯಾವುದನ್ನು ಬರೀ ಚೆಂದಕ್ಕೆ ಮಾಡಿದ್ದೀರಿ. ಗುರುತು ಜಾಸ್ತಿ ಬಿದ್ದ ಕಡೆ ನಿಮ್ಮ ದಾರಿ.

ಈಗ ಬೇಕಿದ್ದರೆ ಗುರು ಹುಡುಕಿ, ಗುಂಪು ಸೇರಿ. ಮೊದಲ ಭೇಟಿ ಹಗಲಲ್ಲಿ, ಜನ ಇರುವ ಜಾಗದಲ್ಲಿ ಇರಲಿ. ಗೆಳತಿಯನ್ನು ಜೊತೆಗೆ ಕರೆದುಕೊಂಡು ಹೋಗಿ. ‘ಬಿಡುತ್ತೇನೆ ಎಂದರೆ ಏನು ಮಾಡುತ್ತೀರಿ?’ ಎಂದು ನೇರ ಕೇಳಿ. ‘ಹೋಗಿ ಬಾ’ ಎನ್ನುವವರ ಹತ್ತಿರ ಕಲಿಯಿರಿ.

ಎರಡನೇ ವರ್ಷಕ್ಕೆ ಹೊಸ ನೋಟ್‌ಬುಕ್ ತನ್ನಿ. ಹಳೆಯದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ಒಣಗಿದ ಬೇವಿನೆಲೆ ಇಟ್ಟು, ಅಟ್ಟದ ಗಾಳಿಯಾಡುವ ಕಡೆ ಇಡಿ. ನಮ್ಮ ಮಳೆಗೆ ನನ್ನ ಮೊದಲ ನೋಟ್‌ಬುಕ್ಕಿನ ಅರ್ಧ ಬೂಸರು ಹಿಡಿದು ಹೋಯಿತು. ಅಜ್ಜಿಯ ಬಗ್ಗೆ ಬರೆದ ಮೊದಲ ಪುಟ ಮಾತ್ರ ಓದಲು ಬರುತ್ತದೆ.